ಕೈ ನೋಯಬಾರದು

ಗಿಟಾರ್ ಕಲಿಯಲು ಹೊರಟವರಲ್ಲಿ ಬಹಳ ಮಂದಿ ಎಫ್ ಕಾರ್ಡ್ ಹತ್ತಿರ ಬಂದು ನಿಂತುಬಿಡುತ್ತಾರೆ. ಸಿ, ಜಿ, ಡಿ, ಎ ಮೈನರ್ ಹೇಗೋ ಒಲಿಯುತ್ತವೆ. ಎಫ್‌ಗೆ ಬಂದಾಗ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ, ಉಳಿದ ಮೂರು ಬೆರಳನ್ನು ಬೇರೆ ಬೇರೆ ಕಡೆ ಊರಬೇಕು. ಎಷ್ಟು ಒತ್ತಿದರೂ ಒಂದೆರಡು ತಂತಿ ಗೊರಗುಡುತ್ತವೆ. ಹೆಬ್ಬೆರಳಿನ ಬುಡ ಉರಿಯುತ್ತದೆ, ಮುಂಗೈ ಕಲ್ಲಾಗುತ್ತದೆ. ಕೆಲವು ತಿಂಗಳಲ್ಲಿ ಗಿಟಾರ್ ಅಲಮಾರಿ ಮೇಲೆ ಹೋಗಿ ಕೂಡುತ್ತದೆ. ನಮ್ಮ ಯಾದಗಿರಿ, ಕಲಬುರಗಿ ಕಡೆ ಹಾಗೆ ಧೂಳು ಹಿಡಿದ ಗಿಟಾರ್‌ಗಳನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಕೇಳಿದರೆ ‘ನಮ್ಮ ಕೈಗಿ ಅದು ಬರಲ್ಲ ಬಿಡ್ರಿ’ ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರ ಕೈ ಚೆನ್ನಾಗಿಯೇ ಇರುತ್ತದೆ. ಒತ್ತುವುದನ್ನು ಎಲ್ಲರೂ ಹೇಳಿಕೊಟ್ಟಿರುತ್ತಾರೆ, ಎಷ್ಟು ಸಾಕು ಎಂಬುದನ್ನು ಯಾರೂ ಹೇಳಿರುವುದಿಲ್ಲ.

ನಾನು ಕೊಂಕಲ್‌ನವನು. ತೊಗರಿ, ಹತ್ತಿ, ಶೇಂಗಾದ ಊರು. ತೆಲಂಗಾಣದ ಗಡಿ ದೂರವಿಲ್ಲದ್ದರಿಂದ ಸಂತೆಯಲ್ಲಿ ಕನ್ನಡದಷ್ಟೇ ತೆಲುಗೂ ಕಿವಿಗೆ ಬೀಳುತ್ತದೆ. ನಾನು ಡಿಗ್ರಿಗೆ ಹೋದಾಗ ಯಾದಗಿರಿ ಇನ್ನೂ ತಾಲ್ಲೂಕು ಕೇಂದ್ರ. ಅದು ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಯಲ್ಲಿ. ಕಾಲೇಜು ಎಂದರೆ ಗುಲಬರ್ಗಾ, ಅಂದರೆ ಈಗಿನ ಕಲಬುರಗಿ. ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಬಂದವನು ಬೀದರ್ ಕಡೆಯ ಮೆಥೋಡಿಸ್ಟ್ ಮನೆತನದ ಹುಡುಗ. ಚರ್ಚಿನಲ್ಲಿ ಹಾಡಿಗೆ ಗಿಟಾರ್ ಹಿಡಿಯುತ್ತಿದ್ದ. ರಾತ್ರಿ ಕರೆಂಟು ಹೋದಾಗ ‘ಪಲ್ಲವಿ ಅನುಪಲ್ಲವಿ’ಯ ಇಳಯರಾಜಾ ಸಂಗೀತವನ್ನು ಅವನು ಕತ್ತಲಲ್ಲೇ ನುಡಿಸುತ್ತಿದ್ದರೆ ಪಕ್ಕದ ಕೋಣೆಗಳವರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. 1983ರ ಆ ಸಿನಿಮಾ ಬಂದು ಅದಾಗಲೇ ಎಷ್ಟೋ ವರ್ಷವಾಗಿತ್ತು. ಆದರೂ ಆ ತಂತಿಗಳ ದನಿ ನಮಗೆ ಹೊಸದಾಗಿಯೇ ಕೇಳುತ್ತಿತ್ತು. ನನಗೆ ಗಿಟಾರ್ ಹುಚ್ಚು ಹಿಡಿದದ್ದು ಅಲ್ಲಿ.

ಹಾಸ್ಟೆಲಿನಲ್ಲಿ ಎಲ್ಲರೂ ನಂಬಿದ್ದ ಒಂದು ಮಾತಿತ್ತು: ಬೆರಳಿಂದ ರಕ್ತ ಬಂದರೇನೇ ಗಿಟಾರ್ ಬರುವುದು. ಊರಿನಲ್ಲಿ ಕೇಳಿಕೊಂಡು ಬೆಳೆದ ಮಾತೂ ಹೆಚ್ಚೂ ಕಡಿಮೆ ಇದೇ. ಕಷ್ಟಪಟ್ಟರೆ ವಿದ್ಯೆ, ಮೈ ನೋಯಿಸಿಕೊಂಡರೆ ಕೂಲಿ. ಹೊಲದಲ್ಲಿ ಕಳೆ ತೆಗೆದು, ಹತ್ತಿ ಬಿಡಿಸಿ, ಬಾವಿ ಹಗ್ಗ ಜಗ್ಗಿ ಬೆಳೆದ ಕೈಗಳು ಏನನ್ನು ಹಿಡಿದರೂ ಪೂರಾ ಬಲ ಹಾಕಿಯೇ ಹಿಡಿಯುತ್ತವೆ. ಕುಡುಗೋಲು ಸಡಿಲ ಹಿಡಿದರೆ ಕಾಲಿಗೆ ಬೀಳುತ್ತದೆ. ಅದೇ ಹಿಡಿತ ಗಿಟಾರಿನ ಕುತ್ತಿಗೆಗೂ ಬಂದಾಗ ಯಾರಿಗೂ ಅದು ವಿಚಿತ್ರ ಎನಿಸಲಿಲ್ಲ.

ಇಲ್ಲಿ ಎರಡು ಬಗೆಯ ನೋವುಗಳಿವೆ. ಅವನ್ನು ಬೇರೆ ಮಾಡಿ ನೋಡುವುದು ಬಹಳ ಮುಖ್ಯ. ಒಂದು, ಬೆರಳ ತುದಿಯ ಚರ್ಮ ಉರಿಯುವುದು. ಉಕ್ಕಿನ ತಂತಿಗೆ ಚರ್ಮ ಹೊಂದಿಕೊಳ್ಳುವವರೆಗೆ, ತುದಿ ಜಡ್ಡುಗಟ್ಟುವವರೆಗೆ ಅದು ಇರುತ್ತದೆ, ಆಮೇಲೆ ಹೋಗುತ್ತದೆ. ಅದರ ಚಿಂತೆ ಬೇಡ. ಎರಡನೆಯದು ಒಳಗಿನದು: ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನಲ್ಲಿ, ಮೊಣಕೈ ಕೆಳಗೆ. ಜೋಮು, ಚುಚ್ಚಿದಂತಾಗುವುದು, ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲಾಗದಿರುವುದು. ಇದು ಬಂದರೆ ಗಿಟಾರ್ ಕೆಳಗಿಡಬೇಕು. ನನಗೆ ಬಂದದ್ದು ಇದೇ. ನಾನು ಆಗಷ್ಟೇ ಮೇಷ್ಟ್ರಾಗಿ ನೇಮಕವಾಗಿದ್ದೆ. ಬಲಗೈಯಲ್ಲಿ ಬೋರ್ಡ್ ಮೇಲೆ ಬರೆಯುತ್ತಿದ್ದಾಗ ಎಡಗೈಯಲ್ಲಿದ್ದ ಪುಸ್ತಕ ತಾನಾಗಿ ಜಾರಿ ಬಿತ್ತು. ಒಬ್ಬ ಡಾಕ್ಟರು ಮುಲಾಮು ಕೊಟ್ಟು ‘ಗಿಟಾರ್ ಬಿಟ್ಟುಬಿಡಿ’ ಅಂದರು.

ಬಿಡದಂತೆ ಮಾಡಿದವರು ಕಲಬುರಗಿಯ ಒಬ್ಬ ಫಿಸಿಯೋಥೆರಪಿಸ್ಟ್. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನನ್ನ ಬಲಗೈಯನ್ನು ಹಿಡಿದು ಎಡ ಮುಂಗೈ ಮೇಲೆ, ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ಇಟ್ಟರು. ‘ಈಗ ಎಡಗೈ ಬೆರಳು ಆಡಸ್ರಿ ಸರ್’ ಅಂದರು. ಆಡಿಸಿದೆ. ಅಂಗೈ ಕೆಳಗೆ ಮಾಂಸ ಹುಳ ಹರಿದಂತೆ ಹರಿದಾಡಿತು. ಬೆರಳಿನೊಳಗೆ ಸ್ನಾಯುವೇ ಇಲ್ಲ, ಅವನ್ನು ಮಡಚುವ ದೊಡ್ಡ ಸ್ನಾಯುಗಳು ಇಲ್ಲಿ ಮುಂಗೈಯಲ್ಲಿವೆ, ಅಲ್ಲಿಂದ ಹೊರಟ ರಜ್ಜುಗಳು ಬೆರಳ ತುದಿಯವರೆಗೆ ಹೋಗುತ್ತವೆ ಎಂದು ವಿವರಿಸಿದರು. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗವಿದೆ. ಒಂಬತ್ತು ರಜ್ಜುಗಳೂ ಒಂದು ನರವೂ ಅದರೊಳಗೇ ತೂರಿಕೊಂಡು ಹೋಗಬೇಕು. ಮಣಿಕಟ್ಟು ನೆಟ್ಟಗಿದ್ದಾಗ ಜಾಗ ಸಾಕಾಗುತ್ತದೆ. ಮಣಿಕಟ್ಟನ್ನು ಒಳಕ್ಕೆ ಮಡಚಿ, ಅದೇ ಹೊತ್ತಿಗೆ ಬಿಗಿಯಾಗಿ ಒತ್ತಿದರೆ ಒಳಗೆ ಒತ್ತಡ ಏರುತ್ತದೆ, ನರ ನಲುಗುತ್ತದೆ. ಆಮೇಲೆ ಒಂದು ಪೊರಕೆ ಕಡ್ಡಿ ಕೊಟ್ಟು ಗಿಟಾರ್ ಹಿಡಿದಂತೆ ಹಿಡಿಯಿರಿ ಅಂದರು. ಹಿಡಿದೆ. ಕಡ್ಡಿ ಮುರಿಯಿತು. ‘ನೋಡ್ರಿ, ನಿಮ್ ಹೆಬ್ಬಟ್ಟು ಹಿಂದಿನಿಂದ ಎಷ್ಟು ಜೋರಾಗಿ ನೂಕ್ಲಿಕತ್ತದ. ಅದಕ್ಕ ಯಾರ್ ಹೇಳ್ಯಾರ?’ ಎಂದು ಕೇಳಿದರು. ಆ ಪ್ರಶ್ನೆ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಕೊಂಕಲ್‌ಗೆ ಬಂದು ಮೊದಲು ಮಾಡಿದ್ದು ವಾದ್ಯವನ್ನೇ ಪರೀಕ್ಷಿಸಿದ್ದು. ಕಂಪಾಸ್ ಪೆಟ್ಟಿಗೆಯ ಸ್ಕೇಲನ್ನು ಹನ್ನೆರಡನೆಯ ಫ್ರೆಟ್, ಅಂದರೆ ಕುತ್ತಿಗೆಯ ಅಡ್ಡ ಲೋಹದ ಪಟ್ಟಿ, ಅದರ ಮೇಲೆ ನಿಲ್ಲಿಸಿ ದಪ್ಪ ತಂತಿ ಎಷ್ಟು ಎತ್ತರದಲ್ಲಿದೆ ಎಂದು ನೋಡಿದರೆ ಮೂರೂವರೆ ಮಿಲಿಮೀಟರ್. ಎರಡೂವರೆಯ ಆಸುಪಾಸು ಇದ್ದರೆ ಕೈಗೆ ಹಿತ. ಒಂದು ಮಿಲಿಮೀಟರ್ ಏನು ದೊಡ್ಡದು ಅನಿಸಬಹುದು. ಒಂದೊಂದು ಕಾರ್ಡಿಗೂ, ಒಂದೊಂದು ತಂತಿಗೂ, ಅಭ್ಯಾಸದ ಒಂದೊಂದು ನಿಮಿಷಕ್ಕೂ ಅದನ್ನು ಕೂಡಿಸಿ ನೋಡಿದರೆ ಕೈ ಯಾಕೆ ಸೋತಿತು ಎಂಬುದು ತಿಳಿಯುತ್ತದೆ. ಅಗ್ಗದ ಗಿಟಾರ್‌ಗಳಲ್ಲಿ ತಂತಿ ಎತ್ತರವಾಗಿರುವುದು ಬಹಳ ಸಾಮಾನ್ಯ. ಕಲಿಯುವ ಮಕ್ಕಳ ಕೈಗೆ ಬರುವುದೂ ಅವೇ ಗಿಟಾರ್‌ಗಳು. ನುರಿತವನಿಗೆ ಸಲೀಸಾದ ವಾದ್ಯ, ಹೊಸಬನಿಗೆ ಕಠಿಣವಾದ ವಾದ್ಯ. ಇದು ತಿರುಗಾಮುರುಗಾ ಆಗಬೇಕಿತ್ತು.

ನಮ್ಮೂರ ಬಡಿಗೇರ ಮುತ್ಯಾ ಬಂಡಿ ಗಾಲಿ, ಕುಂಟೆ, ಬಾಗಿಲು ಮಾಡಿದವರು, ಗಿಟಾರನ್ನು ಮುಟ್ಟಿದವರಲ್ಲ. ಬ್ರಿಜ್ಜಿನ ಮೇಲೆ ತಂತಿಗಳು ಕೂರುವ ಬಿಳಿ ಪಟ್ಟಿ, ಸ್ಯಾಡಲ್, ಅದನ್ನು ಸವೆಸಬೇಕು ಎಂದು ತೋರಿಸಿದೆ. ಹನ್ನೆರಡನೆಯ ಫ್ರೆಟ್‌ನಲ್ಲಿ ತಂತಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಇಲ್ಲಿ ಎರಡು ಮಿಲಿಮೀಟರ್ ತೆಗೆಯಬೇಕು. ಹನ್ನೆರಡನೆಯ ಫ್ರೆಟ್ ತಂತಿಯ ನಟ್ಟ ನಡುವೆ ಇರುವುದರಿಂದ ಆ ಲೆಕ್ಕ. ಮುತ್ಯಾ ಸ್ಯಾಡಲನ್ನು ಇಕ್ಕಳದಲ್ಲಿ ಮೆಲ್ಲಗೆ ಎಳೆದು ತೆಗೆದರು. ಮೊನೆ ಮಾಡಿದ ಪೆನ್ಸಿಲ್‌ನಿಂದ ಅಡಿಗೆ ಒಂದು ಗೆರೆ ಎಳೆದರು. ಒಡೆದ ಕಿಟಕಿಯ ಗಾಜಿನ ತುಂಡನ್ನು ಕಟ್ಟೆಯ ಮೇಲಿಟ್ಟು ಅದರ ಮೇಲೆ ಪಾಲಿಶ್ ಪೇಪರ್ ಹಾಸಿದರು. ಗಾಜು ಯಾಕೆ ಎಂದು ಕೇಳಿದೆ. ‘ಗಾಜಿನಷ್ಟು ಸಪಾಟು ಮತ್ತೇನದ ತಮ್ಮಾ ಈ ಊರಾಗ?’ ಪಟ್ಟಿಯನ್ನು ನಿಲ್ಲಿಸಿ ಹಿಡಿದು ಒಂದೇ ದಿಕ್ಕಿಗೆ ನೂಕುತ್ತ, ಎತ್ತಿ, ಮತ್ತೆ ಹಿಂದಿನಿಂದ ನೂಕುತ್ತ ಹೋದರು. ಹಿಂದೆ ಮುಂದೆ ಉಜ್ಜಿದರೆ ಕೈ ವಾಲಿ ತಳ ಉರುಟಾಗುತ್ತದೆ, ಉರುಟಾದರೆ ಕಟ್ಟಿಗೆಗೆ ಪೂರಾ ತಾಗುವುದಿಲ್ಲ. ತಾಗದಿದ್ದರೆ ದನಿ ಸಾಯುತ್ತದೆ ಎಂದು ನಾನು ಹೇಳಬೇಕೆಂದಿದ್ದೆ. ಹೇಳುವ ಅಗತ್ಯ ಬೀಳಲಿಲ್ಲ. ಗೆರೆಯ ಹತ್ತಿರ ಬಂದಾಗ ನಿಲ್ಲಿಸಿ, ‘ಹಾಕಿ ನೋಡು, ತಗಿಯೂದು ಯಾವಾಗರೆ ತಗೀಬಹುದು, ಹಚ್ಚೂದು ಆಗಲ್ಲ’ ಅಂದರು. ತಂತಿ ಕಟ್ಟಿ ಶ್ರುತಿ ಮಾಡಿ ಎಫ್ ಹಿಡಿದೆ. ಆರೂ ತಂತಿ ಮಾತಾಡಿದವು.

ತಂತಿಯನ್ನೂ ಬದಲಿಸಿದೆ. ಸಾಮಾನ್ಯ ಅಕೂಸ್ಟಿಕ್ ಗಿಟಾರಿಗೆ ಹಾಕುವ 12ರ ಸೆಟ್‌ನಲ್ಲಿ ಆರೂ ತಂತಿಗಳು ಸೇರಿ ಕುತ್ತಿಗೆಯನ್ನು ಎಳೆಯುವ ಬಲ 70 ಕಿಲೋ ಆಸುಪಾಸು. ಅದಕ್ಕಿಂತ ತೆಳುವಾದ 10ರ ಸೆಟ್‌ ಹಾಕಿದರೆ ಆ ಎಳೆತ ಸಾಕಷ್ಟು ಇಳಿಯುತ್ತದೆ, ನೈಲಾನ್ ತಂತಿಯ ಗಿಟಾರಿನಲ್ಲಿ ಇನ್ನೂ ಕಡಿಮೆ. ಹೊಸ ತಂತಿಗೆ ದುಡ್ಡಿಲ್ಲದಿದ್ದರೆ ಶ್ರುತಿಯನ್ನೇ ಅರ್ಧ ಸ್ವರ ಇಳಿಸಿದರೂ ಆಯಿತು. ಎಳೆತ ಶೇಕಡಾ 11ರಷ್ಟು ತಗ್ಗುತ್ತದೆ, ಪೂರ್ಣ ಸ್ವರ ಇಳಿಸಿದರೆ ಶೇಕಡಾ 20ಕ್ಕಿಂತ ಹೆಚ್ಚು. ಎಲ್ಲ ತಂತಿಯನ್ನೂ ಒಟ್ಟಿಗೇ ಇಳಿಸುವುದರಿಂದ ಒಬ್ಬರೇ ಹಾಡಿಕೊಳ್ಳುವಾಗ ಏನೂ ಕೆಡುವುದಿಲ್ಲ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42, 43 ಡಿಗ್ರಿ ಮುಟ್ಟಿದಾಗ, ತಗಡಿನ ಮನೆಯೊಳಗಿಟ್ಟ ಗಿಟಾರಿನ ಕುತ್ತಿಗೆ ತಂತಿಯ ಎಳೆತಕ್ಕೆ ಮುಂದಕ್ಕೆ ಬಾಗುವುದೂ ಉಂಟು. ಆಗ ಕುತ್ತಿಗೆಯೊಳಗಿನ ಸರಳನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿ ಕಾಯಬೇಕು. ಅವಸರ ಮಾಡಿ ಒಮ್ಮೆಗೇ ತಿರುಗಿಸಬಾರದು.

ಇನ್ನು ಕೈ. ನಾನು ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುವುದು ಇದು. ತಂತಿಯ ಮೇಲೆ ಬೆರಳನ್ನು ಸುಮ್ಮನೆ ಇಡು, ಒತ್ತಬೇಡ. ಬಲಗೈಯಿಂದ ಮೀಟು. ಟಪ್ ಎಂದು ಸತ್ತ ಸದ್ದು ಬರುತ್ತದೆ. ಮೀಟುತ್ತಲೇ ಸ್ವಲ್ಪ ಸ್ವಲ್ಪ ಒತ್ತುತ್ತ ಹೋಗು. ಗೊರ ಎನ್ನುತ್ತದೆ. ಇನ್ನೊಂದು ಕೂದಲೆಳೆಯಷ್ಟು ಒತ್ತು. ದನಿ ತಿಳಿಯಾಯಿತಲ್ಲ, ಅಲ್ಲಿಗೆ ನಿಲ್ಲು. ಅದಕ್ಕಿಂತ ಹೆಚ್ಚು ಒತ್ತಿದ್ದೆಲ್ಲ ವ್ಯರ್ಥ. ವ್ಯರ್ಥ ಮಾತ್ರವಲ್ಲ, ತಂತಿ ಹಿಗ್ಗಿ ಸ್ವರವೂ ಏರುತ್ತದೆ, ಬೇಸುರಾಗುತ್ತದೆ. ಬೆರಳು ಫ್ರೆಟ್‌ನ ಹತ್ತಿರ, ಅದರ ಬೆನ್ನಿಗೇ ಇರಲಿ. ಎರಡು ಫ್ರೆಟ್‌ಗಳ ನಟ್ಟ ನಡುವೆ ಇಟ್ಟರೆ ಹೆಚ್ಚು ಬಲ ಬೇಕು. ಆಮೇಲೆ ಹೆಬ್ಬೆರಳನ್ನು ಕುತ್ತಿಗೆಯಿಂದ ಪೂರ್ತಿ ತೆಗೆದು ಅದೇ ಕಾರ್ಡ್ ಹಿಡಿ. ಮಕ್ಕಳು ಗಾಬರಿಯಿಂದ ನೋಡುತ್ತಾರೆ. ಬಲ ಮುಂಗೈಯಿಂದ ಗಿಟಾರಿನ ಹೊಟ್ಟೆಯನ್ನು ಮೆಲ್ಲಗೆ ಮೈಗೆ ಒರಗಿಸಿಕೊಂಡು, ಎಡ ಭುಜವನ್ನು ಸಡಿಲ ಬಿಟ್ಟು, ತೋಳಿನ ಭಾರ ಬೆರಳಿಗೆ ಇಳಿಯುವಂತೆ ಮಾಡಿದರೆ ಹೆಬ್ಬೆರಳಿಲ್ಲದೆಯೂ ಕಾರ್ಡ್ ನುಡಿಯುತ್ತದೆ. ನುಡಿದ ಮೇಲೆ ಹೆಬ್ಬೆರಳನ್ನು ವಾಪಸ್ಸು ಇಟ್ಟುಕೊಳ್ಳಲಿ, ಆಸರೆಗಷ್ಟೇ.

ಎಫ್‌ನಲ್ಲಿ ತೋರುಬೆರಳು ಆರು ತಂತಿಯನ್ನೂ ಒತ್ತಬೇಕು ಎಂದು ಎಲ್ಲರೂ ತಿಳಿದಿರುತ್ತಾರೆ. ಸರಿಯಾಗಿ ನೋಡಿದರೆ ನಡುವಿನ ಮೂರು ತಂತಿಗಳನ್ನು ಉಳಿದ ಬೆರಳುಗಳು ಆಗಲೇ ಹಿಡಿದಿವೆ. ತೋರುಬೆರಳಿನ ಪಾಲಿಗೆ ಬರುವುದು ಆಚೆ ತುದಿಯ ದಪ್ಪ ತಂತಿ ಒಂದು, ಈಚೆ ತುದಿಯ ಸಣ್ಣ ತಂತಿ ಎರಡು. ಬೆರಳನ್ನು ಸ್ವಲ್ಪ ಹೊರಳಿಸಿ ಎಲುಬಿರುವ ಪಕ್ಕವನ್ನು ತಂತಿಗೆ ಕೊಟ್ಟರೆ ಅವೂ ಸುಲಭ. ಇದನ್ನು ಹೇಳಿದ ಮೇಲೆ ಎಷ್ಟೋ ಮಕ್ಕಳ ಮುಖ ಅರಳಿದ್ದನ್ನು ಕಂಡಿದ್ದೇನೆ. ಮೂರು ತಂತಿಯ ಕೆಲಸಕ್ಕೆ ಆರರ ಬಲ ಹಾಕುತ್ತಿದ್ದರು ಪಾಪ.

ನೋವನ್ನು ಮೀರಿ ಬಾರಿಸಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡವರೊಬ್ಬರ ಉದಾಹರಣೆಯಿದೆ. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಅವರ ಬಲಗೈಯ ಕೊನೆಯ ಎರಡು ಬೆರಳು 1960ರ ದಶಕದಲ್ಲಿ ತಾವಾಗಿ ಒಳಕ್ಕೆ ಸುರುಟಿಕೊಳ್ಳತೊಡಗಿದವು. ಮೂವತ್ತು ವರ್ಷದಷ್ಟು ಕಾಲ ಅವರು ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿದರು, ಪಾಠ ಹೇಳಿದರು, ಎರಡೂ ಕೈ ಮತ್ತೆ ಪಿಯಾನೋಗೆ ಬಂದದ್ದು ಇಳಿವಯಸ್ಸಿನಲ್ಲಿ. ಇನ್ನೊಂದು ಕಥೆ ನನಗೆ ಇದಕ್ಕಿಂತ ಹತ್ತಿರದ್ದು, ಏಕೆಂದರೆ ಅದು ಒಬ್ಬ ಕಾರ್ಮಿಕನದು. ಬರ್ಮಿಂಗ್‌ಹ್ಯಾಮ್‌ನ ಗಿಟಾರ್ ವಾದಕ ಟೋನಿ ಅಯೋಮಿ 1965ರಲ್ಲಿ ತಗಡಿನ ಕಾರ್ಖಾನೆಯ ಕೆಲಸದ ಕೊನೆಯ ದಿನ ಯಂತ್ರಕ್ಕೆ ಸಿಕ್ಕು ಎರಡು ಬೆರಳ ತುದಿ ಕಳೆದುಕೊಂಡ. ಎಡಚನಾದ್ದರಿಂದ ತಂತಿ ಒತ್ತುವ ಕೈಯದೇ ಬೆರಳುಗಳು. ಅವನು ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಬ್ಯಾಂಜೋದ ತೆಳು ತಂತಿ ಕಟ್ಟಿದ, ಮುಂದೆ ಶ್ರುತಿಯನ್ನೇ ಇಳಿಸಿದ. ಬ್ಲ್ಯಾಕ್ ಸಬ್ಬತ್ ತಂಡದ ಆ ಭಾರವಾದ ದನಿ ಅರ್ಧ ಹುಟ್ಟಿದ್ದು ಹೀಗೆ, ಗಾಯಗೊಂಡ ಕೈಗೆ ವಾದ್ಯವನ್ನು ಹೊಂದಿಸಿಕೊಂಡದ್ದರಿಂದ. ನಮ್ಮ ದೇಶದಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಸರಳು ಜಾರಿಸಿ ರಾಗ ನುಡಿಸಿದರು. ಅಲ್ಲಿ ಎಡಗೈ ಒತ್ತುವ ಮಾತೇ ಇಲ್ಲ. ವಾದ್ಯ ಮನುಷ್ಯನಿಗೆ ಬಗ್ಗುತ್ತದೆ, ಬಗ್ಗಿಸಿಕೊಳ್ಳುವ ಅಧಿಕಾರ ನಮಗಿದೆ. ಇದನ್ನು ನಾನು ಗಟ್ಟಿಯಾಗಿ ನಂಬಿದ್ದೇನೆ.

ವಿಶ್ರಾಂತಿಯ ಪಾಠ ನನಗೆ ಸಿಕ್ಕಿದ್ದು ಭಜನೆಯಲ್ಲಿ. ಶ್ರಾವಣ ಬಂದರೆ ನಮ್ಮಲ್ಲಿ ರಾತ್ರಿಯಿಡೀ ಭಜನೆ. ಕಡಕೋಳ ಮಡಿವಾಳಪ್ಪನವರ ತತ್ವಪದದಿಂದ ಶುರುವಾದರೆ ಬೆಳಗಿನ ಜಾವದವರೆಗೂ ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ, ಏಕತಾರಿ. ಅರವತ್ತು ದಾಟಿದವರೂ ಬೆಳಗಿನತನಕ ಬಾರಿಸಿ, ಸ್ನಾನ ಮಾಡಿ ಹೊಲಕ್ಕೆ ಹೋಗುತ್ತಾರೆ. ಒಂದು ತಾಸಿನ ಅಭ್ಯಾಸಕ್ಕೆ ನನ್ನ ಕೈ ಸೋತಾಗ ಇವರ ಕೈ ಯಾಕೆ ಸೋಲುವುದಿಲ್ಲ ಎಂದು ಒಂದು ಶ್ರಾವಣ ಪೂರ್ತಿ ಕೂತು ನೋಡಿದೆ. ಏಕತಾರಿ ಒಬ್ಬರ ಕೈಯಲ್ಲೇ ಉಳಿಯುವುದಿಲ್ಲ, ಪದ ಮುಗಿದಂತೆ ಮುಂದಿನವರ ಕೈಗೆ ಹೋಗುತ್ತದೆ. ತಬಲಾದವರು ಎದ್ದು ಚಹಾಕ್ಕೆ ಹೋದರೆ ಇನ್ನೊಬ್ಬರು ಕೂಡುತ್ತಾರೆ. ಎರಡು ಪದಗಳ ನಡುವೆ ಯಾರೋ ಒಂದು ಮಾತು ತೆಗೆಯುತ್ತಾರೆ, ಅರ್ಥ ಹೇಳುತ್ತಾರೆ, ಆಗ ಎಲ್ಲರ ಕೈಯೂ ತೊಡೆಯ ಮೇಲೆ. ಹಾರ್ಮೋನಿಯಂ ಕಾಕಾ ಹರೆಯದಲ್ಲಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕೆಲವು ವರ್ಷ ಕಲಿತು ಬಂದವರು. ಅವರು ಸ್ವರ ಹಿಡಿದು ನಿಂತಾಗ ಬಳಸದ ಬೆರಳುಗಳು ಎತ್ತಿಯೂ ಇರುವುದಿಲ್ಲ, ಒತ್ತಿಯೂ ಇರುವುದಿಲ್ಲ, ಮನೆಗಳ ಮೇಲೆ ಸುಮ್ಮನೆ ಮಲಗಿರುತ್ತವೆ. ಕೇಳಿದರೆ, ‘ಕೆಲಸ ಇಲ್ಲದ ಬಳ್ಳಿಗಿ ಯಾಕ್ ಕಾಡಬೇಕು?’ ಅಂದರು. ಇಡೀ ರಾತ್ರಿಯ ಲೆಕ್ಕದಲ್ಲಿ ಒಬ್ಬೊಬ್ಬರ ಕೈಗೂ ದುಡಿಮೆಯಷ್ಟೇ ಬಿಡುವೂ ಸಿಕ್ಕಿರುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ಗಿಟಾರ್ ಕಲಿಯುವವರಿಗೆ ಇದನ್ನು ಕೊಡುವವರಿಲ್ಲ, ತಾವೇ ಕೊಟ್ಟುಕೊಳ್ಳಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಗಿಟಾರ್ ಕೆಳಗಿಟ್ಟು ಕೈ ಜೋಲಾಡಿಸಿ, ಒಂದು ಸುತ್ತು ಅಡ್ಡಾಡಿ ಬನ್ನಿ ಎಂದು ನಾನು ಮಕ್ಕಳಿಗೆ ಹೇಳುವುದು ಆ ಶ್ರಾವಣದ ನಂತರ ಶುರುವಾಯಿತು.

ಈಗ ಭಾನುವಾರ ಸಂಜೆ ಮನೆಗೆ ಕೆಲವು ಮಕ್ಕಳು ಬರುತ್ತಾರೆ. ಅವರಲ್ಲಿ ಒಬ್ಬಳು ಒಂಬತ್ತನೆಯ ಇಯತ್ತೆಯ ಹುಡುಗಿ. ಹತ್ತಿ ಬಿಡಿಸುವ ದಿನಗಳಲ್ಲಿ ರಜೆ ಇದ್ದಾಗ ಅವ್ವನ ಜೊತೆ ಹೊಲಕ್ಕೆ ಹೋಗುತ್ತಾಳೆ. ಒಣಗಿದ ಕಾಯಿಯ ಮೊನೆ ಚುಚ್ಚಿ ಬೆರಳ ತುದಿಗಳು ಬಿರಿದಿರುತ್ತವೆ. ಅಂಥ ವಾರ ಎಫ್ ಬೇಡ. ಮೊದಲ ಫ್ರೆಟ್‌ಗೆ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಯಾಪೊ ಹಾಕಿ ಇ ಕಾರ್ಡ್ ಹಿಡಿದರೆ ಕೇಳುವುದು ಎಫ್ ಕಾರ್ಡೇ. ಅವಳಿಗೆ ಇದು ಮೋಸ ಅನ್ನಿಸಿತು. ‘ಅಲ್ಲವ್ವಾ, ಹಾಡು ನಡೀತದ ಇಲ್ಲೋ ಅದನ್ನ ನೋಡು’ ಎಂದೆ. ತೀರಾ ನೋವಿದ್ದರೆ ಬಲಗೈಯ ಲಯವನ್ನಷ್ಟೇ ಮಾಡಿಸುತ್ತೇನೆ, ಇಲ್ಲವೇ ಹಾಡಿಸುತ್ತೇನೆ.

ಮೈಲಾಪುರ ಜಾತ್ರೆ ಮುಗಿದ ವಾರ ಅವಳನ್ನು ಕರೆದೊಯ್ಯಲು ಅವಳ ಅವ್ವ ಬಂದಿದ್ದರು. ನಾನು ಮಣಿಕಟ್ಟು ನೆಟ್ಟಗೆ ಇಡುವುದನ್ನು ತೋರಿಸುತ್ತಿದ್ದೆ. ಬಾಗಿಲ ಹತ್ತಿರ ನಿಂತು ಸ್ವಲ್ಪ ಹೊತ್ತು ನೋಡಿದವರು, ‘ಸರ್, ಇದು ಹತ್ತಿ ಬಿಡ್ಸೋರಿಗೂ ನಡೀತದೇನ್ರಿ?’ ಎಂದು ಕೇಳಿದರು. ಏನಾಗಿದೆ ಎಂದೆ. ‘ರಾತ್ರಿ ಎಚ್ಚರಾಗ್ತದ್ರಿ. ಕೈ ಜೋಮ್ ಹಿಡದು ಕಟಗಿ ಆಗಿರ್ತಾವ. ಝಾಡಿಸಿ ಝಾಡಿಸಿ ಮಲಗ್ತೀನ್ರಿ.’ ಯಾವ ಬೆರಳು ಎಂದು ಕೇಳಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ತೋರಿಸಿದರು. ಕಿರುಬೆರಳು? ‘ಅದಕ್ಕೇನಿಲ್ರಿ.’ ಮಣಿಕಟ್ಟಿನ ಸುರಂಗದೊಳಗೆ ಹೋಗುವ ನರ ತಲುಪುವುದು ಅವರು ತೋರಿಸಿದ ಬೆರಳುಗಳಿಗೇ. ಕಿರುಬೆರಳಿಗೆ ಬೇರೆ ನರವಿದೆ. ಅದಕ್ಕೇ ಅದು ಚೆನ್ನಾಗಿತ್ತು.

ಹತ್ತಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಕೈ ನಿಂತರೆ ದುಡ್ಡೂ ನಿಂತಿತು. ಹದಿನೈದು ನಿಮಿಷಕ್ಕೊಮ್ಮೆ ಅಡ್ಡಾಡಿ ಬನ್ನಿ ಎಂದು ಅವರಿಗೆ ಹೇಳುವುದು ಹೇಗೆ? ಸಾಲು ಮುಗಿದಾಗಲಾದರೂ ಎರಡೂ ಕೈ ಕೆಳಗೆ ಬಿಟ್ಟು ಬೆರಳು ಅಗಲಿಸಿ ಎಂದೆ. ಕಾಯಿಯನ್ನು ಕೀಳುವಾಗ ಮಣಿಕಟ್ಟನ್ನು ತಿರುಚುವ ಬದಲು ತೋಳನ್ನೇ ಹತ್ತಿರ ಒಯ್ಯಿರಿ, ಕೈ ಮಡಚಿ ತಲೆಯಡಿ ಇಟ್ಟುಕೊಂಡು ಮಲಗಬೇಡಿ ಎಂದೆ. ಇದು ಸುಮ್ಮನೆ ಬಿಡುವ ನೋವಲ್ಲ, ವರ್ಷಗಟ್ಟಲೆ ಬಿಟ್ಟರೆ ಹೆಬ್ಬೆರಳ ಬುಡದ ಮಾಂಸ ಕರಗಿ ಹಿಡಿತವೇ ಹೋಗುತ್ತದೆ ಎಂದು ಒತ್ತಿ ಹೇಳಿ ಯಾದಗಿರಿಗೆ ಕರೆದುಕೊಂಡು ಹೋದೆ. ಡಾಕ್ಟರು ನೋಡಿ, ರಾತ್ರಿ ಮಣಿಕಟ್ಟು ಮಡಚದಂತೆ ಹಿಡಿಯುವ ಪಟ್ಟಿ ಬರೆದುಕೊಟ್ಟರು. ಕೆಲವು ದಿನಗಳಲ್ಲಿ, ಈಗ ನಡುರಾತ್ರಿ ಏಳುವುದು ಕಡಿಮೆಯಾಗಿದೆ ಎಂದು ಮಗಳ ಕೈಲಿ ಹೇಳಿ ಕಳಿಸಿದರು. ಕೂಲಿ ನಿಂತಿಲ್ಲ, ನಿಲ್ಲಿಸುವ ಹಾಗೂ ಇಲ್ಲ. ಅವರ ಗುಂಪಿನಲ್ಲಿ ಹೋಗುವ ಇನ್ನೂ ಕೆಲವು ಹೆಣ್ಣುಮಕ್ಕಳು ಅವೇ ಮೂರು ಬೆರಳು ತೋರಿಸಿದ್ದಾರಂತೆ. ಅವರನ್ನೂ ಯಾದಗಿರಿಗೆ ಕರೆದುಕೊಂಡು ಹೋಗಬೇಕು.